ಗಾಳ ಹಾಕುವ ಅಪ್ಪನಿಗೆ ಕೈಯಲ್ಲೇ ಕಟ್ಟಿದ ಪುಸ್ತಕ, ಅದಕ್ಕೊಪ್ಪುವ ಪೆಟ್ಟಿಗೆ

ಪ್ರಶ್ನೆ: ನಮ್ಮ ತಂದೆ ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಊಟ ತಪ್ಪಿದರೂ ಭಾನುವಾರ ಗಂಗೊಳ್ಳಿ ಅಳಿವೆಯಲ್ಲಿ ಗಾಳ ಹಾಕುವುದು ತಪ್ಪುವುದಿಲ್ಲ. ಹಿಡಿದ ಮೀನಿನ ಲೆಕ್ಕ ಬರೆದಿಡಲು ಒಂದು ಪುಸ್ತಕ ಕಟ್ಟಿ, ಜೋಡಿ ಪೆಟ್ಟಿಗೆಯಲ್ಲಿಟ್ಟು ಕೊಡಬೇಕೆಂದಿದ್ದೇನೆ. ಒಮ್ಮೆ ಮಾಡಿ ನೋಡಿದೆ. ಎ4 ಕಾಗದ ಮಡಚಿ ಹೊಲಿದರೆ ಪುಟಗಳು ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ. ರಟ್ಟು ಎರಡೇ ದಿನಕ್ಕೆ ಬಿಲ್ಲಿನಂತೆ ಬಾಗಿತು. ಮೇಲೆ ಅಂಟಿಸಿದ ಬಲೆಯ ತುಂಡು ಕಳಚಿ ಬಂತು, ಗಾಳದ ಸುತ್ತ ತುಕ್ಕಿನ ಕಲೆ. ಪೆಟ್ಟಿಗೆಯ ಮುಚ್ಚಳ ಬಟ್ಟೆ ಅಂಟಿಸುವ ಮೊದಲು ಸರಿಯಾಗಿ ಕೂರುತ್ತಿತ್ತು, ಆಮೇಲೆ ಕೂರಲೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಮೊದಲ ಎರಡು ತೊಂದರೆಗಳಿಗೆ ಮೂಲ ಒಂದೇ: ಕಾಗದದ ನಾರು. ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ, ರಟ್ಟಿನಲ್ಲಿ ಕೂಡ, ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನಾರಿನ ಉದ್ದಕ್ಕೆ ಮಡಚಿದರೆ ಕಾಗದ ಹೇಳಿದಂತೆ ಕೇಳುತ್ತದೆ. ಅಡ್ಡಕ್ಕೆ ಮಡಚಿದರೆ ಸೆಟೆದು ನಿಲ್ಲುತ್ತದೆ. ಅಂಟಿನ ತೇವ ತಾಗಿದಾಗ ಕಾಗದ ಹಿಗ್ಗುವುದೂ ಮುಖ್ಯವಾಗಿ ನಾರಿಗೆ ಅಡ್ಡಲಾಗಿಯೇ. ಅಂಗಡಿಯಲ್ಲಿ ಸಿಗುವ ಎ4 ಕಾಗದದಲ್ಲಿ ನಾರು ಸಾಮಾನ್ಯವಾಗಿ 297 ಮಿ.ಮೀ. ಉದ್ದದ ಕಡೆಗೆ ಓಡುತ್ತದೆ. ಅದನ್ನು ಅರ್ಧಕ್ಕೆ ಮಡಚಿ ಎ5 ಮಾಡಿದರೆ ಮಡಿಕೆ ನಾರನ್ನು ಅಡ್ಡ ಕತ್ತರಿಸುತ್ತದೆ. ಪುಟ ತೆರೆದುಕೊಳ್ಳದೆ ಇರುವುದು ನಿಮ್ಮ ಹೊಲಿಗೆಯ ತಪ್ಪಲ್ಲ.

ಉಪಾಯ ಸುಲಭ. ಎ4 ಕೊಳ್ಳಬೇಡಿ, ಎ3 ಕೊಳ್ಳಿ. 297×420 ಅಳತೆಯ ಹಾಳೆಯಲ್ಲಿ ನಾರು 420ರ ಕಡೆಗೆ ಇದ್ದರೆ, ಅದನ್ನು ನಡುವೆ ಕತ್ತರಿಸಿದಾಗ ಸಿಗುವ ಎರಡು ಎ4 ತುಂಡುಗಳಲ್ಲಿ ನಾರು 210ರ ಕಡೆಗೆ ಬರುತ್ತದೆ. ಈಗ ಮಡಚಿದರೆ ಮಡಿಕೆಯೂ ನಾರೂ ಒಂದೇ ದಿಕ್ಕಿಗೆ. ಆದರೂ ಕಟ್ಟಿನ ಮೇಲಿನ ಹೆಸರನ್ನು ನಂಬದೆ ಪರೀಕ್ಷಿಸಿ. ಅಂಗೈಯಗಲದ ಒಂದು ಚೌಕ ಕತ್ತರಿಸಿ, ಮೇಲಿನ ಅಂಚು ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದೇ ಬದಿಗೆ ಒದ್ದೆ ಬೆರಳು ಸವರಿ. ಕಾಗದ ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆ ಮಲಗಿದ ದಿಕ್ಕೇ ನಾರಿನ ದಿಕ್ಕು. ರಟ್ಟಿಗೆ ನೀರು ಬೇಡ, ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವಾಗ ಬಾಗಿನ ಗೆರೆ ನಾರಿಗೆ ಸಮಾನಾಂತರವಾಗಿರುತ್ತದೆ. ಪುಟ, ಪುಸ್ತಕದ ರಟ್ಟು, ರಟ್ಟಿನ ಒಳಬದಿಗೆ ಅಂಟಿಸುವ ಒಳಹಾಳೆ, ಎಲ್ಲದರ ನಾರೂ ಪುಸ್ತಕದ ಬೆನ್ನಿಗೆ, ಅಂದರೆ ಹೊಲಿಗೆಯ ಅಂಚಿಗೆ, ಸಮಾನಾಂತರ ಇರಬೇಕು. ಈ ಒಂದು ನಿಯಮ ಮುರಿದರೆ ಉಳಿದ ಎಷ್ಟೇ ಅಚ್ಚುಕಟ್ಟುತನವೂ ಪುಸ್ತಕವನ್ನು ಉಳಿಸುವುದಿಲ್ಲ.

ರಟ್ಟು ಬಾಗಲು ಇನ್ನೊಂದು ಕಾರಣವೂ ಇದೆ. ಹೊರಗಿನ ಬಟ್ಟೆ ಒಣಗುತ್ತ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಬದಿಗೆ ಅಂಟಿಸುವ ಹಾಳೆ ಈ ಕಡೆಗೆ ಎಳೆದರೆ ಸಮವಾಗುತ್ತದೆ. ಒಳಹಾಳೆ ತೀರ ತೆಳುವಾಗಿದ್ದರೆ, ಅಥವಾ ರಟ್ಟನ್ನು ಭಾರದ ಕೆಳಗಿಡದೆ ಫ್ಯಾನಿನ ಗಾಳಿಗೆ ಒಣಗಿಸಿದರೆ, ಬಿಲ್ಲು ಖಂಡಿತ.

ಇನ್ನು ಗಾಳ, ಬಲೆ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕು. ಇದು ಗೋಡೆಗೆ ತೂಗುಹಾಕುವ ವಸ್ತುವಲ್ಲ. ಎರೆಹುಳು ಮುಟ್ಟಿದ, ಉಪ್ಪುನೀರು ಒಸರುವ ಕೈಯಲ್ಲಿ ಬರೆಯುವ ಪುಸ್ತಕ. ಬಲೆಯ ದಾರ ನೈಲಾನಿನದು. ಫೆವಿಕಾಲಿನಂಥ ಬಿಳಿ ಅಂಟು ಕಾಗದ, ಬಟ್ಟೆ, ಮರದೊಳಗೆ ಇಳಿದು ಹಿಡಿಯುತ್ತದೆ. ನೈಲಾನಿನೊಳಗೆ ಇಳಿಯಲು ಅದಕ್ಕೆ ದಾರಿಯೇ ಇಲ್ಲ, ಹಾಗಾಗಿ ಸಿಪ್ಪೆಯಂತೆ ಎದ್ದು ಬರುತ್ತದೆ. ಗಾಳದ ಕೊಕ್ಕೆ ಅಂಟಿನ ತೇವಕ್ಕೇ ತುಕ್ಕು ಹಿಡಿಯತೊಡಗುತ್ತದೆ, ಕರಾವಳಿಯ ಗಾಳಿ ಉಳಿದದ್ದನ್ನು ಪೂರೈಸುತ್ತದೆ. ಮೊನೆ ಮುರಿದರೂ ಅಂಗಿಯ ಚೀಲ ಹರಿಯುವುದು ಬಿಡುವುದಿಲ್ಲ. ಗಾಳದ ದಾರಕ್ಕೆ ಭಾರವಾಗಿ ಕಟ್ಟುವ ಸೀಸದ ಗುಂಡನ್ನು ಪುಸ್ತಕದ ಮೇಲಾಗಲಿ, ಮುಚ್ಚಿದ ಪೆಟ್ಟಿಗೆಯಲ್ಲಾಗಲಿ ಇಡಬೇಡಿ. ಬಿಳಿ ಅಂಟಿನಿಂದ ಹೊರಡುವ ಹುಳಿ ಆವಿಗೆ ಸೀಸ ಬಿಳಿ ಹುಡಿಯಾಗಿ ಉದುರುತ್ತದೆ, ಆ ಹುಡಿ ವಿಷ. ಮೀನುಗಾರಿಕೆಯ ಚಹರೆ ಬೇಕಾದರೆ ಅದು ಪುಟದೊಳಗಿನ ಕಾಲಂಗಳಲ್ಲಿ, ಹೊದಿಕೆಯ ಬಟ್ಟೆಯಲ್ಲಿ, ಮೀನಿನದೇ ಅಚ್ಚಿನಲ್ಲಿ ಬರಲಿ.

ಸಾಮಾನು

100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಬಿಳಿ ಎ3 ಹಾಳೆ 16 ತೆಗೆದುಕೊಳ್ಳಿ. ಪುಟಗಳಿಗೆ ಬೇಕಾದದ್ದು 12 ಹಾಳೆ, ಉಳಿದದ್ದು ತಪ್ಪಿಗೆ. ಒಳಹಾಳೆಗೆ 120ರಿಂದ 150 ಜಿಎಸ್‌ಎಂನ ಬಣ್ಣದ ಎ3 ಒಂದು ಸಾಕು, ಎರಡಿರಲಿ. 2 ಮಿ.ಮೀ. ದಪ್ಪದ ಗ್ರೇ ಬೋರ್ಡ್ ರಟ್ಟು, ಎ2 ಅಳತೆಯವು ಎರಡು. ಪುಸ್ತಕಕ್ಕೂ ಪೆಟ್ಟಿಗೆಗೂ ಆಗಿ ಮಿಗುತ್ತದೆ. ಅರ್ಧ ಇಂಚು ಅಗಲದ ಹತ್ತಿಯ ಚಪ್ಪಟೆ ಲಾಡಿ ಒಂದು ಮೀಟರ್. ಚರ್ಮದ ಕೆಲಸದವರು ಬಳಸುವ ಮೇಣ ಹಚ್ಚಿದ ದಾರ, ಸಿಕ್ಕುವುದರಲ್ಲಿ ತೆಳುವಾದದ್ದು, ಎರಡು ಮೀಟರ್.

ಗಾಳಕ್ಕೆ ಕಟ್ಟುವ ತಂಗೂಸಿ (ಒಂಟಿ ಎಳೆಯ ನೈಲಾನ್) ದಾರದಲ್ಲೇ ಹೊಲಿದರೆ ಚೆನ್ನಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಚೆನ್ನಲ್ಲ. ಅದು ಜಾರುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ, ಸುರುಳಿಯ ಚಾಳಿ ಬಿಡುವುದಿಲ್ಲ, ಬಿಗಿದರೆ ಬ್ಲೇಡಿನಂತೆ ಕಾಗದವನ್ನೇ ಕೊಯ್ಯುತ್ತದೆ. ಗಾಳಕ್ಕೆ ಬಳಸುವ ಹೆಣೆದ ದಾರವೂ ಅಷ್ಟೇ, ತೆಳುವಾಗಿ ಗಡುಸಾಗಿರುವುದರಿಂದ ತೂತನ್ನು ಸೀಳುತ್ತದೆ.

ಹೊದಿಕೆಗೆ ರೆಕ್ಸಿನ್ ಕೊಳ್ಳುವ ಬದಲು ನಿಮ್ಮ ತಂದೆಯವರದೇ ಒಂದು ಹಳೆಯ ಚೌಕುಳಿ ಲುಂಗಿ ಕೇಳಿ ಪಡೆಯಿರಿ, ಅಥವಾ ಕೇಳದೆ. ಹತ್ತು ವರ್ಷ ಒಗೆದ ಹತ್ತಿ ಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ಚೌಕುಳಿಯ ಗೆರೆಗಳು ರಟ್ಟು ಸೊಟ್ಟ ಕೂತರೆ ಕೂಡಲೇ ಹೇಳಿಬಿಡುತ್ತವೆ. ಆದರೆ ಬರಿ ಬಟ್ಟೆಯನ್ನು ಅಂಟಿಸಿದರೆ ಅಂಟು ಎಳೆಗಳ ಸಂದಿಯಿಂದ ಮೇಲೆ ಬಂದು ಹೊಳೆಯುವ ಕಲೆಯಾಗುತ್ತದೆ. ಹಿಂಬದಿಗೆ ಕಾಗದ ಕೂರಿಸಲೇಬೇಕು. ಇಸ್ತ್ರಿ ಮಾಡಿದ ಬಟ್ಟೆಯನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಹಾಸಿ, ನೀರು ಚಿಮುಕಿಸಿ ಸುಕ್ಕಿಲ್ಲದಂತೆ ಎಳೆಯಿರಿ. ಬಿಳಿ ಟಿಶ್ಯೂ ಕಾಗದಕ್ಕೆ ಮೈದಾ ಅಂಟನ್ನು ತೆಳುವಾಗಿ ಸವರಿ ಬಟ್ಟೆಯ ಮೇಲೆ ಇಳಿಸಿ, ನಡುವಿನಿಂದ ಅಂಚಿಗೆ ಒಣ ಬ್ರಷ್ಷಿನಿಂದ ಒತ್ತಿ. ಪೂರ್ತಿ ಒಣಗುವವರೆಗೆ ಎಬ್ಬಿಸಬೇಡಿ. ಇಷ್ಟೆಲ್ಲ ಬೇಡವೆಂದರೆ ಟೈಲರುಗಳು ಕಾಲರಿಗೆ ಹಾಕುವ ತೆಳು ಫ್ಯೂಸಿಂಗ್ ತಂದು ಇಸ್ತ್ರಿಯಿಂದ ಹಿಡಿಸಿದರೂ ಕೆಲಸ ನಡೆಯುತ್ತದೆ.

ಮೈದಾ ಅಂಟಿಗೆ ಒಂದು ಅಳತೆ ಮೈದಾ, ಐದು ಅಳತೆ ನೀರು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಬಿಳಿ ಹೋಗಿ ಗಾಜಿನಂತಾಗುವವರೆಗೆ ಕಾಯಿಸಿ, ಆರಿಸಿ, ಸೋಸಿ. ಹಳೆಯ ಬೈಂಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಜಿರಳೆ ಬರಬಾರದೆಂದು. ಅದು ವಿಷ, ಮನೆಯಲ್ಲಿ ಬೇಡ. ಬದಲಿಗೆ ಮೂರು ಪಾಲು ಫೆವಿಕಾಲಿಗೆ ಒಂದು ಪಾಲು ಮೈದಾ ಅಂಟು ಬೆರೆಸಿ ಬಟ್ಟೆಗೂ ರಟ್ಟಿಗೂ ಬಳಸಿ. ಬರಿ ಫೆವಿಕಾಲ್ ಬಿಸಿಲುಗಾಲದಲ್ಲಿ ಒಂದೆರಡು ನಿಮಿಷಕ್ಕೇ ಹಿಡಿದುಬಿಡುತ್ತದೆ, ತಿದ್ದಲು ಸಮಯ ಕೊಡುವುದಿಲ್ಲ. ಬೆರೆಸಿದ್ದು ಅದರ ಇಮ್ಮಡಿ ಹೊತ್ತು ಕೊಡುತ್ತದೆ. ಬೆರೆಸಿದ್ದನ್ನು ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.

ಒಳಪುಟ: ಏನು ಬರೆಯಿಸಬೇಕು

ಇಡೀ ಕೆಲಸದಲ್ಲಿ ನಿಜವಾಗಿ ಯೋಚಿಸಬೇಕಾದ ಜಾಗ ಇದು. ಅಂಗಡಿಯಲ್ಲಿ ಸಿಗುವ ದಾಖಲೆ ಪುಸ್ತಕಗಳು ಸರೋವರದಲ್ಲಿ ದೋಣಿ ಕಟ್ಟಿ ಹಿಡಿಯುವವರಿಗಾಗಿ ಮಾಡಿದಂತಿರುತ್ತವೆ. ಅಳಿವೆಯಲ್ಲಿ ಗಾಳ ಹಾಕುವವರಿಗೆ ಮುಖ್ಯವಾದದ್ದು ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎನ್ನುವುದು. ಗಂಗೊಳ್ಳಿಯಲ್ಲಂತೂ ಪಂಚಗಂಗಾವಳಿ ನದಿಯ ಸಿಹಿನೀರು ಒಂದು ಕಡೆಯಿಂದ, ಕಡಲ ಉಪ್ಪುನೀರು ಇನ್ನೊಂದು ಕಡೆಯಿಂದ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಬರಿ ‘ಬೆಳಿಗ್ಗೆ 7 ಗಂಟೆ’ ಎಂದು ಬರೆದಿಟ್ಟರೆ ಮುಂದಿನ ವಾರಕ್ಕೆ ಅದರಿಂದ ಪ್ರಯೋಜನವಿಲ್ಲ. ‘ಉಬ್ಬರ ತುಂಬಿದ ಗಂಟೆ’, ‘ಮೀನು ಕಚ್ಚಿದ ಗಂಟೆ’ ಎರಡೂ ಬೇಕು. ನಡುವಿನ ಅಂತರ ನೋಡಿದಾಗಲೇ ಆ ಜಾಗದ ಗುಟ್ಟು ಬಿಡುವುದು.

ದಿನಾಂಕದ ಪಕ್ಕದಲ್ಲಿ ತಿಥಿಗೂ ಜಾಗ ಬಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಕ್ಯಾಲೆಂಡರಿನಲ್ಲಿ ಹೇಗೂ ಅಚ್ಚಾಗಿರುವ ತಿಥಿ ಇಷ್ಟನ್ನು ಒಂದು ಪದದಲ್ಲಿ ಹೇಳಿಬಿಡುತ್ತದೆ. ಆಮೇಲೆ ನೀರಿನ ಬಣ್ಣ (ತಿಳಿ, ಹಸಿರು, ಕೆಂಪು ಎಂದು ಮೂರು ಚೌಕ, ಗುರುತು ಹಾಕಲು), ಗಾಳಿಯ ದಿಕ್ಕು, ಎರೆ ಯಾವುದು (ಎರೆಹುಳು, ಸಿಗಡಿ, ಕೃತಕ), ಗಾಳದ ನಂಬರು, ದಾರದ ಬಲ. ಗಾಳದ ನಂಬರಿಗೆ ಎರಡಂಕಿಯ ಜಾಗವಲ್ಲ, ನಾಲ್ಕಕ್ಷರದ ಜಾಗ ಬಿಡಿ. ಏಕೆಂದರೆ 8, 6, 4, 2 ಎಂದು ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತ 1ಕ್ಕೆ ಬಂದು, ಅಲ್ಲಿಂದಾಚೆ 1/0, 2/0, 3/0 ಎಂದು ಏರುತ್ತ ದೊಡ್ಡದಾಗುತ್ತದೆ. ಮೀನಿನ ಹೆಸರು, ಉದ್ದ, ಸುತ್ತಳತೆ, ತೂಕ, ಬಿಟ್ಟದ್ದೋ ತಂದದ್ದೋ. ಹೆಸರಿಗೆ ಖಾಲಿ ಗೆರೆಯೇ ಒಳ್ಳೆಯದು. ಕಾಣೆ, ಕೆಂಬೇರಿ, ಮುರು ಎಂದು ಮೊದಲೇ ಅಚ್ಚು ಹಾಕಿಸಿದರೆ ಪಟ್ಟಿಯಲ್ಲಿಲ್ಲದ್ದೇ ಗಾಳಕ್ಕೆ ಬರುತ್ತದೆ.

ಎಡಪುಟದಲ್ಲಿ ಈ ನಮೂನೆ, ಬಲಪುಟ ಖಾಲಿ, ಬೇಕಾದ್ದು ಬರೆಯಲು. ಹೀಗೆ ಮಾಡಿದರೆ ಪುಟಗಳನ್ನು ಜೋಡಿಸುವ ತಲೆನೋವೇ ಇರುವುದಿಲ್ಲ. ಮಡಚಿದ ಯಾವ ಹಾಳೆಯ ಯಾವ ಬದಿಯನ್ನು ಬಿಡಿಸಿ ನೋಡಿದರೂ ಎಡ ಅರ್ಧ ಎಡಪುಟವೇ, ಬಲ ಅರ್ಧ ಬಲಪುಟವೇ. ಆದ್ದರಿಂದ ಒಂದೇ ನಮೂನೆಯನ್ನು ಎರಡೂ ಬದಿಗೆ ಅಚ್ಚು ಹಾಕಿಸಿದರೆ ಮುಗಿಯಿತು. ಎ3 ಹಾಳೆಯನ್ನು ನಿಲುವಾಗಿಟ್ಟು, ನಮೂನೆಯನ್ನು ಮೇಲೊಂದು ಕೆಳಗೊಂದು ಕೂರಿಸಿ, ಎರಡು ಬದಿಯ ಮುದ್ರಣಕ್ಕೆ ಲಾಂಗ್ ಎಡ್ಜ್ (ಹಾಳೆಯನ್ನು ಉದ್ದದ ಅಂಚಿನ ಮೇಲೆ ಮಗುಚುವುದು) ಎಂದು ಅಂಗಡಿಯವರಿಗೆ ಹೇಳಿ. ಮುದ್ರಿಸಿದ ಮೇಲೆ 210ರಲ್ಲಿ ಕತ್ತರಿಸಿ. ಮೊದಲು ಕತ್ತರಿಸಿ ಕೊಟ್ಟರೆ ಅಡ್ಡನಾರಿನ ಹಾಳೆ ಯಂತ್ರದಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ಹಿಂದುಮುಂದು ಒಂದೆರಡು ಮಿ.ಮೀ. ಸರಿಯುವುದು ಸಹಜ, ಗೆರೆಗಳು ಅಂಚಿನಿಂದ 10 ಮಿ.ಮೀ. ಒಳಗೇ ಇರಲಿ. ಲೇಸರ್ ಮುದ್ರಣವೇ ಆಗಬೇಕು. ಮನೆಯ ಇಂಕ್‌ಜೆಟ್‌ನ ಬಣ್ಣ ಸಾಮಾನ್ಯವಾಗಿ ಒಂದು ಹನಿ ನೀರಿಗೆ ಹರಡುತ್ತದೆ. ಅದೇ ಕಾರಣಕ್ಕೆ ಜೆಲ್ ಪೆನ್ನೂ ಬೇಡ. 2ಬಿ ಪೆನ್ಸಿಲ್ ಕೊಡಿ, ಸ್ವಲ್ಪ ತೇವವಾದ ಕಾಗದದ ಮೇಲೂ ಬರೆಯುತ್ತದೆ.

ಹಿಂದಿನ ಒಳಹಾಳೆಯ ಮೇಲೆ 20 ಸೆಂ.ಮೀ. ಅಳತೆಪಟ್ಟಿ ಹಾಕಿಸಿ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದು ನೂರಕ್ಕೆ ನೂರು ಅಳತೆ ಇಡದಿದ್ದರೆ 20 ಸೆಂ.ಮೀ. ಮೀನು 19 ಆಗುತ್ತದೆ ಅಥವಾ 21, ಆ ಮೇಲೆ ಮನೆಯಲ್ಲಿ ವಾದ. ಪಟ್ಟಿಯ ಕೆಳಗೆ ತಕ್ಕಡಿ ಇಲ್ಲದಾಗ ತೂಕ ಅಂದಾಜಿಸುವ ಲೆಕ್ಕ: ಉದ್ದ × ಸುತ್ತಳತೆ × ಸುತ್ತಳತೆ ÷ 29,000. ಅಳತೆ ಸೆಂ.ಮೀ.ನಲ್ಲಿದ್ದರೆ ಉತ್ತರ ಕೆ.ಜಿ.ಯಲ್ಲಿ. 50 ಸೆಂ.ಮೀ. ಉದ್ದ, 28 ಸೆಂ.ಮೀ. ಸುತ್ತಳತೆಯ ಮೀನು ಹೆಚ್ಚುಕಡಿಮೆ 1.35 ಕೆ.ಜಿ. ಹಾವಿನಂತೆ ಉದ್ದದ ಮೀನಿಗೂ ತಟ್ಟೆಯಂಥ ಚಪ್ಪಟೆ ಮೀನಿಗೂ ಇದು ಸರಿಬರುವುದಿಲ್ಲ.

ಹೊಲಿಗೆ

ಕತ್ತರಿಸಿದ 24 ಎ4 ಹಾಳೆಗಳನ್ನು ನಾಲ್ಕು ನಾಲ್ಕರಂತೆ ಒಂದರೊಳಗೊಂದು ಮಡಚಿದರೆ ಆರು ಕಟ್ಟು, 96 ಪುಟ. ಮಡಿಕೆಯನ್ನು ಉಗುರಿನಿಂದ ಎಳೆಯಬೇಡಿ, ಸ್ಟೀಲ್ ಚಮಚದ ಹಿಡಿಯಿಂದ ಒಂದೇ ಸಲ ಎಳೆಯಿರಿ. ರಾತ್ರಿ ಭಾರದ ಕೆಳಗಿಡಿ.

ತೂತುಗಳು ತಲೆಯಿಂದ 15, 60, 75, 135, 150, 195 ಮಿ.ಮೀ.ಗೆ. ಒಂದು ರಟ್ಟಿನ ಪಟ್ಟಿಯ ಮೇಲೆ ಗುರುತು ಮಾಡಿ, ಅದನ್ನು ಪ್ರತಿ ಕಟ್ಟಿನ ಮಡಿಕೆಯೊಳಗಿಟ್ಟು ಚುಚ್ಚಿ. 60ರಿಂದ 75, 135ರಿಂದ 150, ಈ ಎರಡು ಸಂದುಗಳಲ್ಲಿ ಲಾಡಿ ಕೂರುತ್ತದೆ. ಗೋಣಿ ಹೊಲಿಯುವ ದಬ್ಬಳ ಬೇಡ. ತೂತು ದಾರಕ್ಕಿಂತ ದೊಡ್ಡದಾದರೆ ಕಟ್ಟುಗಳು ಮೇಲೆ ಕೆಳಗೆ ಜಾರಾಡುತ್ತವೆ, ಬೆನ್ನಿಗೆ ಹಚ್ಚಿದ ಅಂಟು ತೂತಿನಿಂದ ಒಳಪುಟಕ್ಕೆ ಇಳಿಯುತ್ತದೆ. ಸಾಧಾರಣ ಸೂಜಿಯನ್ನು ಬೆಂಡಿಗೆ ಚುಚ್ಚಿ ಹಿಡಿ ಮಾಡಿಕೊಂಡರೆ ಸಾಕು.

ಒಂದೂವರೆ ಮೀಟರ್ ದಾರ ಇಡೀ ಪುಸ್ತಕಕ್ಕೆ ಆಗುತ್ತದೆ. ಮೊದಲ ಕಟ್ಟಿನ 15ರ ತೂತಿನಿಂದ ಒಳಹೋಗಿ, 60ರಲ್ಲಿ ಹೊರಬಂದು, ಲಾಡಿಯ ಮೇಲೆ ಹಾಯ್ದು, 75ರಲ್ಲಿ ಒಳಗೆ. ಹೀಗೇ 195ರವರೆಗೆ. ಎರಡನೆಯ ಕಟ್ಟನ್ನು ಮೇಲಿಟ್ಟು ವಾಪಸ್ ಬನ್ನಿ. ತುದಿಗೆ ಬಂದಾಗ ಮೊದಲು ಬಿಟ್ಟ 10 ಸೆಂ.ಮೀ. ಬಾಲದೊಂದಿಗೆ ಎರಡು ಗಂಟು. ಮೂರನೆಯದರಿಂದ, ಪ್ರತಿ ತುದಿಯಲ್ಲೂ ಸೂಜಿಯನ್ನು ಕೆಳಗಿನ ಎರಡು ಕಟ್ಟುಗಳ ನಡುವಿನ ಹೊಲಿಗೆಯ ಹಿಂದಿನಿಂದ ತೂರಿಸಿ, ಉಂಟಾದ ಕುಣಿಕೆಯೊಳಗೆ ಹಾಯಿಸಿ ಬಿಗಿದು, ಆಮೇಲೆ ಮೇಲಿನ ಕಟ್ಟಿಗೆ ಹತ್ತಿ. ಈ ಕೊಂಡಿ ತಪ್ಪಿಸಿದರೆ ಪುಸ್ತಕದ ತಲೆ, ಬುಡ ಬೀಸಣಿಗೆಯಂತೆ ಬಿರಿಯುತ್ತದೆ. ದಾರವನ್ನು ಎಳೆಯುವುದು ಯಾವಾಗಲೂ ಬೆನ್ನಿನ ಉದ್ದಕ್ಕೆ, ನೀವು ಹೊಲಿಯುತ್ತಿರುವ ದಿಕ್ಕಿಗೆ. ನಿಮ್ಮ ಎದೆಯ ಕಡೆಗೆ ಜಗ್ಗಿದಿರೋ, ತೂತು ಮಡಿಕೆಯುದ್ದಕ್ಕೂ ಹರಿಯುತ್ತದೆ.

ಬಣ್ಣದ ಒಳಹಾಳೆಗಳನ್ನೂ ಎ3ರಿಂದ ಹೀಗೆಯೇ ಕತ್ತರಿಸಿ ಮಡಚಿ, ಮುಂದೊಂದು ಹಿಂದೊಂದು, ಬೆನ್ನಿನ ಅಂಚಿಗೆ 5 ಮಿ.ಮೀ. ಮಾತ್ರ ಅಂಟು ಹಚ್ಚಿ ಕೂರಿಸಿ. ಬೆನ್ನಿಗೆ ತೆಳು ಅಂಟು ಸವರಿ, ಹಳೆಯ ಪಂಚೆಯ ಬಟ್ಟೆ 180×58 ಮಿ.ಮೀ. ತುಂಡನ್ನು ಎರಡೂ ಬದಿಗೆ 25 ಮಿ.ಮೀ. ಚಾಚುವಂತೆ ಅಂಟಿಸಿ. ಲಾಡಿಯ ತುದಿಗಳನ್ನೂ 25ಕ್ಕೆ ಕತ್ತರಿಸಿ.

ರಟ್ಟು ಮತ್ತು ಮೀನಿನ ಅಚ್ಚು

ಮುಂದಿನ, ಹಿಂದಿನ ರಟ್ಟು 145×216 ಮಿ.ಮೀ. ಪುಟಕ್ಕಿಂತ 3 ಮಿ.ಮೀ. ಕಡಿಮೆ ಅಗಲ, 6 ಹೆಚ್ಚು ಎತ್ತರ. ಬೆನ್ನಿನ ಪಟ್ಟಿ ಪುಸ್ತಕದ ದಪ್ಪಕ್ಕೆ ಎರಡು ರಟ್ಟಿನ ದಪ್ಪ ಕೂಡಿಸಿ: ಹೊಲಿದ ಪುಟಗಳು 8 ಮಿ.ಮೀ. ಬಂದಿದ್ದರೆ 12. ಬೆನ್ನಿಗೂ ರಟ್ಟಿಗೂ ನಡುವೆ 7 ಮಿ.ಮೀ. ಬಿಡಿ. ಇದು 5ಕ್ಕೆ ಇಳಿದರೆ ಪುಸ್ತಕ ತೆರೆಯುವಾಗ ಮೊದಲ ಪುಟ ಎಳೆದು ಹರಿಯುತ್ತದೆ, 10 ಆದರೆ ಹೊದಿಕೆ ಸಡಿಲ ಚಪ್ಪಲಿಯಂತೆ ಆಡುತ್ತದೆ. ಬಟ್ಟೆ 346×246, ಸುತ್ತ 15 ಮಿ.ಮೀ. ಮಡಿಕೆಗೆ. ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ಬಿಟ್ಟೇ ಕತ್ತರಿಸಿ, ತುದಿಗೆ ಸೇರಿಸಿ ಕತ್ತರಿಸಿದರೆ ರಟ್ಟು ಇಣುಕುತ್ತದೆ.

ಬಟ್ಟೆ ಹಾಕುವ ಮೊದಲೇ ಮುಂದಿನ ರಟ್ಟಿನ ಮೇಲೆ 80×180 ಮಿ.ಮೀ. ಚೌಕಟ್ಟು ಗೀಚಿ, ಬ್ಲೇಡಿನಿಂದ ಅರ್ಧ ಮಿ.ಮೀ.ನಷ್ಟು ಪದರ ಎಬ್ಬಿಸಿ ತೆಗೆಯಿರಿ. ಬಟ್ಟೆ ಅಂಟಿಸಿದಾಗ ಈ ತಗ್ಗಿಗೆ ಒತ್ತಿ ಕೂರಿಸಿ. ಮೀನಿನ ಅಚ್ಚು ಈ ತಗ್ಗಿನಲ್ಲಿ ಕೂರುವುದರಿಂದ ಚೀಲದಲ್ಲಿ ಉಜ್ಜಿ ಸವೆಯುವುದಿಲ್ಲ.

ಮೀನಿಗೇ ಬಣ್ಣ ಸವರಿ ಕಾಗದಕ್ಕೆ ಅಚ್ಚು ತೆಗೆಯುವುದು 19ನೇ ಶತಮಾನದ ಜಪಾನಿನ ಪದ್ಧತಿ. ಗ್ಯೋತಾಕು ಎಂದು ಹೆಸರು, ಹಿಡಿದ ಮೀನಿನ ನಿಜಗಾತ್ರದ ದಾಖಲೆಯಾಗಿ ಬೆಳೆದದ್ದು. ನಿಮ್ಮ ಕೆಲಸಕ್ಕೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ. 16 ಸೆಂ.ಮೀ. ಒಳಗಿನ ಜಿಲೇಬಿ (ತಿಲಾಪಿಯಾ) ಮೀನು ಹಿಡಿಸಿ. ಬಂಗುಡೆಯ ಹುರುಪೆ ತೀರ ಸಣ್ಣದು, ಅಚ್ಚಿನಲ್ಲಿ ಆಕಾರ ಬರುತ್ತದೆಯೇ ಹೊರತು ಹುರುಪೆಯ ಸಾಲು ಬರುವುದಿಲ್ಲ. ಉಪ್ಪು, ನಿಂಬೆರಸ ಹಾಕಿ ಲೋಳೆ ಹೋಗುವವರೆಗೆ ತೊಳೆದು, ಹುರುಪೆ ಕೀಳದಂತೆ ಒರೆಸಿ. ಕಿವಿರಿನೊಳಗೆ, ಬಾಯಿಗೆ, ಹಿಂದಿನ ರಂಧ್ರಕ್ಕೆ ಹತ್ತಿ ತುರುಕಿ, ಇಲ್ಲವಾದರೆ ಒತ್ತಿದಾಗ ನೀರು ಬಂದು ಅಚ್ಚು ಕೆಡುತ್ತದೆ. ಥರ್ಮಕೋಲಿನ ಮೇಲಿಟ್ಟು ರೆಕ್ಕೆಗಳನ್ನು ಗುಂಡುಪಿನ್ನಿನಿಂದ ಬಿಡಿಸಿ ನಿಲ್ಲಿಸಿ.

ಬಣ್ಣ ಪೋಸ್ಟರ್ ಕಲರ್ ಆಗಬಾರದು, ಅಂಟಿನ ತೇವಕ್ಕೆ ಕದಡಿ ಹರಿಯುತ್ತದೆ. ಒಣಗಿದ ಮೇಲೆ ನೀರಿಗೆ ಜಗ್ಗದ ಫ್ಯಾಬ್ರಿಕ್ ಕಲರ್ ತನ್ನಿ, ಕಪ್ಪು ಅಥವಾ ಕಡುನೀಲಿ. ತೆಳುವಾಗಿ, ಮೊದಲು ತಲೆಯಿಂದ ಬಾಲಕ್ಕೆ, ಕೊನೆಗೊಮ್ಮೆ ಬಾಲದಿಂದ ತಲೆಗೆ ಬ್ರಷ್ ಎಳೆಯಿರಿ. ಹಿಂದೆಳೆತಕ್ಕೆ ಹುರುಪೆಯ ಅಂಚುಗಳು ಬಣ್ಣ ಹಿಡಿಯುತ್ತವೆ. ಕಣ್ಣಿಗೆ ಬಣ್ಣ ಬೇಡ. ನೇಪಾಳದ ತೆಳು ಕೈಕಾಗದ ಹಾಸಿ ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತಿ. ಕಾಗದ ಸರಿಸಿದರೆ ಮೀನು ಎರಡಾಗುತ್ತದೆ. ಮೊದಲ ಅಚ್ಚು ಸಾಮಾನ್ಯವಾಗಿ ಮುದ್ದೆಯಾಗಿರುತ್ತದೆ. ಮತ್ತೆ ಬಣ್ಣ ಹಚ್ಚದೆ ಎರಡನೆಯದು, ಆಮೇಲೆ ತೊಳೆದು ಮೂರನೆಯದು, ನಾಲ್ಕನೆಯದು ತೆಗೆಯಿರಿ, ಅವುಗಳಲ್ಲೊಂದು ಸರಿಬರುತ್ತದೆ. ಕಣ್ಣನ್ನು ಕೊನೆಗೆ ಸಣ್ಣ ಕುಂಚದಿಂದ ಬರೆಯಬೇಕು, ಪಾಪೆಯಲ್ಲಿ ಒಂದು ಬಿಳಿ ಚುಕ್ಕೆ ಬಿಟ್ಟು. ಮೀನು ತಲೆ ಮೇಲಾಗಿ ನೆಟ್ಟಗಿರಲಿ. ಗಾಳಕ್ಕೆ ಸಿಕ್ಕಿದ್ದು ಹೇಗೂ ತೂಗುವುದು ಹಾಗೆಯೇ. ಆ ಮೀನನ್ನು ಸಾರಿಗೆ ಹಾಕಬೇಡಿ.

ರಟ್ಟಿಗೆ ಪುಟಗಳನ್ನು ಸೇರಿಸುವಾಗ ಒಳಹಾಳೆಯ ಕೆಳಗೆ ಹಳೆ ಪತ್ರಿಕೆ ಇಟ್ಟು, ಅಂಚಿನಾಚೆಗೂ ಅಂಟು ಹೊಡೆದು, ಪತ್ರಿಕೆ ತೆಗೆದು ರಟ್ಟನ್ನು ಮುಚ್ಚಿ. ಸರಿ ಕೂತಿದೆಯೇ ಎಂದು ತೆರೆದು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ತೆರೆದರೆ ಸುಕ್ಕು ಖಾಯಂ. ಒಳಹಾಳೆಗೂ ಪುಟಗಳಿಗೂ ನಡುವೆ ಪ್ಲಾಸ್ಟಿಕ್ ಹಾಳೆ ತೂರಿಸಿ, ನಾಲ್ಕೈದು ಕೆ.ಜಿ. ಭಾರದ ಕೆಳಗೆ ಒಂದು ದಿನ. ಆಷಾಢದ ತೇವದಲ್ಲಾದರೆ ಎರಡು ದಿನ, ಇಲ್ಲದಿದ್ದರೆ ಒಳಗೆ ಬೂಷ್ಟು ಬರುತ್ತದೆ.

ಮುಚ್ಚಲು: ಹಿಂದಿನ ರಟ್ಟಿನ ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಒಂದು ತೂತು, ಅದರಿಂದ 1.5 ಮಿ.ಮೀ. ದಪ್ಪದ ಹತ್ತಿ ಹುರಿ, ಪುಸ್ತಕಕ್ಕೆ ಒಂದು ಸುತ್ತು, ತುದಿಗೆ ಒಂದು ಸಣ್ಣ ಬೆಂಡು, ಸುತ್ತಿದ ಹುರಿಯ ಅಡಿಗೆ ಸಿಕ್ಕಿಸಲು. ಇದನ್ನು ಒಳಹಾಳೆ ಅಂಟಿಸುವ ಮೊದಲೇ ಹಾಕಿ, ಒಳತುದಿಯ ಎಳೆ ಬಿಡಿಸಿ ಚಪ್ಪಟೆಯಾಗಿ ಅಂಟಿಸಿ.

ಪೆಟ್ಟಿಗೆ

ಪುಸ್ತಕ ಮುಗಿದು ಒಣಗಿದ ಮೇಲೆಯೇ ಪೆಟ್ಟಿಗೆಗೆ ಕೈ ಹಾಕಿ. ಮೇಲಿನ ಅಳತೆಗೆ ಪುಸ್ತಕ ಸುಮಾರು 217×153 ಮಿ.ಮೀ., ದಪ್ಪ 13, ಸುತ್ತಿದ ಹುರಿ ಸೇರಿ 16. ಹುರಿಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ನಿಮ್ಮದು ಬೇರೆ ಬಂದಿದ್ದರೆ ಮುಂದಿನದನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

ಒಳ ಅಳತೆ 221×200, ಆಳ 25. ಪುಸ್ತಕಕ್ಕೆ ಬದಿಗೆ 2ರಂತೆ ಒಟ್ಟು 4 ಮಿ.ಮೀ. ಸಡಿಲ ಕೊಟ್ಟು 157, ಕಾಗದ ಹೊದಿಸಿದ ನಡುಗೋಡೆಗೆ 3, ಪಕ್ಕದ ಅಂಕಣಕ್ಕೆ 40. ಆ ಅಂಕಣದಲ್ಲಿ ಪೆನ್ಸಿಲ್, ಶಾರ್ಪನರ್, ಒಂದೆರಡು ಬೆಂಡು, ದಾರದ ಉಂಡೆ. ಗಾಳ ಇಡಲೇಬೇಕೆಂದರೆ ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಪುಸ್ತಕವನ್ನು ತೆರೆಯುವ ಅಂಚು ನಡುಗೋಡೆಯ ಕಡೆಗಿರುವಂತೆ ಮಲಗಿಸಿ, ಗೋಡೆಯಲ್ಲಿ 12 ಮಿ.ಮೀ. ಅಗಲದ ಕಚ್ಚು ಕೊಯ್ದರೆ ಬೆಂಡು ಅದರೊಳಗೆ ಇಳಿದು ಕೂರುತ್ತದೆ. ಪುಸ್ತಕದಡಿಗೆ 6 ಮಿ.ಮೀ. ಎತ್ತರದ ಪಟ್ಟಿಗಳ ಮೇಲೆ ಒಂದು ರಟ್ಟು ಹಾಸಿದರೆ ಪುಸ್ತಕ ಬಾಯಿಮಟ್ಟಕ್ಕೆ ಬರುತ್ತದೆ, ಅಡಿಯ ಟೊಳ್ಳಿನಲ್ಲಿ ಒಂದು ಪತ್ರ ಅಡಗಿಸಲು ಜಾಗವೂ ಆಗುತ್ತದೆ. ಉಳಿದ ಲಾಡಿಯನ್ನು ಪುಸ್ತಕದ ಕೆಳಗೆ ಹಾಯಿಸಿ ತುದಿ ಹೊರಗೆ ಬಿಡಿ, ಎಳೆದರೆ ಪುಸ್ತಕ ಮೇಲೆ ಬರಲಿ.

ತಳ 221×200. ಗೋಡೆಗಳು ತಳದ ಹೊರಗೆ ನಿಲ್ಲುತ್ತವೆ: 221×27 ಎರಡು, 204×27 ಎರಡು. ಬರಿ ಅಂಟಿನಲ್ಲೇ ನಿಲ್ಲಿಸಿ, ಮೂಲೆಗಳಿಗೆ ಹೊರಗಿನಿಂದ ಕಾಗದದ ಪಟ್ಟಿ ಹಾಕಿ. ಹೊರ ಅಳತೆ 225×204 ಬರುತ್ತದೆ.

ಈಗ ನಿಮ್ಮ ಮುಚ್ಚಳದ ಕಥೆ. ಬರಿ ರಟ್ಟಿನಲ್ಲಿ ಸರಿಯಾಗಿ ಕೂತದ್ದೇ ತಪ್ಪಾಗಿತ್ತು. ಕಾಗದ ಕೂರಿಸಿದ ಬಟ್ಟೆ ಒಂದು ಬದಿಗೆ ಸುಮಾರು 0.4 ಮಿ.ಮೀ., ಎರಡು ಬದಿಗೆ 0.8. ಮುಚ್ಚಳದ ಒಳಗಿನ ಕಾಗದ, ಅದರ ಅಂಟು ಸೇರಿ ಇನ್ನೊಂದು 0.3. ಇದಲ್ಲದೆ ಗಾಳಿ ಹೊರಹೋಗಲು 2 ಮಿ.ಮೀ. ಸಡಿಲ. ಒಟ್ಟು ಹೆಚ್ಚುಕಡಿಮೆ 3. ಆದ್ದರಿಂದ ಮುಚ್ಚಳದ ತಲೆರಟ್ಟು 228×207, ಗೋಡೆಗಳು 228×22 ಎರಡು, 211×22 ಎರಡು. ಬರಿ ರಟ್ಟಿನಲ್ಲಿ ಇದು ಗಡಗಡ ಅಲ್ಲಾಡಬೇಕು. ಅಲ್ಲಾಡದಿದ್ದರೆ ಬಟ್ಟೆ ಹಾಕುವ ಮೊದಲೇ ಕಿತ್ತು ದೊಡ್ಡದು ಮಾಡಿ. ತೀರ ಬಿಗಿಯಾದ ಮುಚ್ಚಳ ಮುಚ್ಚುವಾಗ ಗಾಳಿ ಸಿಕ್ಕಿ ಮೇಲೇಳುತ್ತದೆ, ತೆಗೆಯುವಾಗ ಹೀರಿ ಹಿಡಿಯುತ್ತದೆ. ಮುಚ್ಚಳದ ಎದುರುಬದುರಿನ ಎರಡು ಗೋಡೆಗಳ ಅಂಚಿನ ನಡುಭಾಗದಲ್ಲಿ ರೂಪಾಯಿ ನಾಣ್ಯದ ಅರ್ಧದಷ್ಟು ಬಾಗು ಕತ್ತರಿಸಿಟ್ಟರೆ ಹೆಬ್ಬೆರಳಿಗೂ ಜಾಗ, ಗಾಳಿಗೂ ದಾರಿ.

ತಳದ ಗೋಡೆಗೆ 79 ಮಿ.ಮೀ. ಅಗಲದ ಬಟ್ಟೆ ಪಟ್ಟಿ: 15 ಅಡಿಗೆ, 27 ಹೊರಗೆ, 2 ಅಂಚಿಗೆ, 25 ಒಳಗೆ, 10 ಒಳತಳಕ್ಕೆ. 45 ಸೆಂ.ಮೀ. ಉದ್ದದ ಎರಡು ಪಟ್ಟಿ ಸಾಕು. ಲುಂಗಿಯ ಅಂಚಿನ ಪಟ್ಟೆಯನ್ನೇ ಮುಚ್ಚಳದ ಗೋಡೆಗೆ ಬರುವಂತೆ ಕತ್ತರಿಸಿದರೆ ಪುಸ್ತಕವೂ ಪೆಟ್ಟಿಗೆಯೂ ಒಂದೇ ಥಾನಿನವು ಎಂದು ನೋಡಿದೊಡನೆ ತಿಳಿಯುತ್ತದೆ, ಬೇರೆ ಅಲಂಕಾರ ಬೇಕಾಗುವುದಿಲ್ಲ. ಬಲೆಯ ಗುರುತು ಇರಲೇಬೇಕೆನಿಸಿದರೆ ತಲೆರಟ್ಟಿನ ಮೇಲೆ ಹತ್ತಿ ಹುರಿಯನ್ನು ಬಲೆಕಣ್ಣಿನಂತೆ ಅಂಟಿಸಿ, ಒಣಗಿಸಿ, ಅದರ ಮೇಲೆ ಬಟ್ಟೆ ಹೊದಿಸಿ, ಚಮಚದ ಹಿಡಿಯಿಂದ ಹುರಿಯ ಎರಡೂ ಬದಿಗೆ ಒತ್ತಿ. ಬಲೆ ಬಟ್ಟೆಯಡಿಯಿಂದ ಉಬ್ಬಿ ಕಾಣುತ್ತದೆ, ಕಳಚುವ ಮಾತಿಲ್ಲ.

ಎಲ್ಲ ಮುಗಿದ ಮೇಲೆ ಪೆಟ್ಟಿಗೆಯನ್ನು ಮುಚ್ಚದೆ, ಪುಸ್ತಕವನ್ನು ಹೊರಗಿಟ್ಟು, ನೆರಳಲ್ಲಿ ಒಂದು ವಾರ ಬಿಡಿ. ಅಂಟಿನ ತೇವ, ವಾಸನೆ ಎರಡೂ ಹೋಗಬೇಕು. ದಿನಕ್ಕೆ ಎರಡು ಗಂಟೆಯಂತೆ ಹಿಡಿದರೆ ಕೆಲಸಕ್ಕೆ ಹತ್ತು ದಿನ, ಒಣಗಲು ಒಂದು ವಾರ, ಆದ್ದರಿಂದ ನಿವೃತ್ತಿಗೆ ಮೂರು ವಾರವಾದರೂ ಇರುವಾಗ ಶುರು ಮಾಡಿ. ಮೊದಲು ಮಾಡಿದ ಪುಸ್ತಕವನ್ನು ಸರಿಪಡಿಸಲು ಹೋಗಬೇಡಿ, ಅಡ್ಡನಾರು ಇನ್ನು ತಿರುಗುವುದಿಲ್ಲ. ಅದರ ರಟ್ಟು ಕಿತ್ತು, ಹೊಲಿಗೆ ಬಿಚ್ಚಿ, ಆ ಹಾಳೆಗಳ ಮೇಲೆ ಕೊಂಡಿ ಗಂಟನ್ನು ಕೈಗೆ ಹತ್ತುವವರೆಗೆ ನಾಲ್ಕೈದು ಸಲ ಹೊಲಿದು ಬಿಚ್ಚಿ ನೋಡಿ.